ಲಕ್ಸರ್: ಬಲೂನೂ ರಾಜರ ಕಣಿವೆಯೂ ಒಂದೇ ಬೆಳಿಗ್ಗೆ (ನನ್ನ ಅನುಭವ)

ಈಜಿಪ್ಟಿಗೆ ಗ್ರೂಪ್ ಕರೆದೊಯ್ಯುವ ನಮ್ಮವರಲ್ಲಿ ಹೆಚ್ಚಿನವರು ಲಕ್ಸರ್ ಊರಿನ ಬಿಸಿಗಾಳಿ ಬಲೂನು ಹಾರಾಟವನ್ನು ‘ಆಪ್ಷನಲ್’ ಅಂತ ಹಾಕಿ ಕೈತೊಳೆದುಕೊಳ್ಳುತ್ತಾರೆ. ಬೇಕಾದವರು ಡಾಲರ್ ಕೊಟ್ಟು ಹೋಗಲಿ, ಬೇಡದವರು ಮಲಗಲಿ. ನಾನೂ ಬಹಳ ವರ್ಷ ಹಾಗೇ ಮಾಡಿದೆ. ಈಗ ಬಲೂನನ್ನು ಪ್ಯಾಕೇಜಿನ ಒಳಗೇ ಸೇರಿಸಿದ್ದೇನೆ. ಅದೂ ನೈಲ್ ನದಿಯ ಪಶ್ಚಿಮ ದಂಡೆಯ ಸೈಟ್‌ಸೀಯಿಂಗ್ (ಹಳೆಯ ರಾಜರ ಸಮಾಧಿಗಳಿರುವ ರಾಜರ ಕಣಿವೆ, ದೇವಾಲಯಗಳು) ಜೊತೆ, ಒಂದೇ ಬೆಳಿಗ್ಗೆ.

ಮೊದಲ ಸಲ ಹೇಳಿದಾಗ ಬೆಂಗಳೂರಿನ ಹಿರಿಯ ಏಜೆಂಟರೊಬ್ಬರು ನಕ್ಕುಬಿಟ್ಟರು. “ಅಲ್ಲಯ್ಯಾ, ನಿನ್ನ ಗ್ರೂಪಲ್ಲಿ ಅರ್ಧ ಜನಕ್ಕೆ ಮಂಡಿ ನೋವು. ಮೂರು ಗಂಟೆಗೆ ಎಬ್ಬಿಸಿ, ಬಲೂನು ಹತ್ತಿಸಿ, ಆಮೇಲೆ ಸಮಾಧಿ ಮೆಟ್ಟಿಲು ಬೇರೆ ಇಳಿಸ್ತೀಯಾ? ರಿವ್ಯೂ ಬರುತ್ತೆ, ನೋಡ್ಕೋ” ಅಂದರು. ಅಲ್ಲಿನ ವ್ಯವಸ್ಥೆ ನೋಡಿಕೊಳ್ಳುವ ಕೈರೋದ ನಮ್ಮ ಗ್ರೌಂಡ್ ಹ್ಯಾಂಡ್ಲರ್ ಕೂಡ ಬೇಡ ಅಂತಲೇ ಹೇಳಿದ. ಹೋದ ಜನವರಿಯ ಗ್ರೂಪಿನಲ್ಲಿ ಎಪ್ಪತ್ತು ದಾಟಿದವರೇ ಐದಾರು ಜನ ಇದ್ದರು. ಹನ್ನೊಂದೂವರೆಗೆಲ್ಲ ಎಲ್ಲರೂ ಹೋಟೆಲಿಗೆ ಬಂದು ಊಟ ಯಾವಾಗ ಅಂತ ಕೇಳುತ್ತಿದ್ದರು. ಆ ಹಿರಿಯರು ಈಗ ಫೋನ್ ಮಾಡಿ “ನಿನ್ನ ಪ್ಲಾನ್ ಸ್ವಲ್ಪ ಕಳಿಸು” ಅನ್ನುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಬಿಟ್ಟುಕೊಡುವುದಿಲ್ಲ, ಅದನ್ನೂ ಮೊದಲೇ ಹೇಳಿಬಿಡುತ್ತೇನೆ.

ತೊಡಕು ಇದ್ದದ್ದು ಹಡಗಿನಲ್ಲಿ. ಎಲ್ಲರೂ ಮಾರುವುದು ಲಕ್ಸರ್‌ನಿಂದ ಆಸ್ವಾನ್‌ಗೆ ಹೋಗುವ ನಾಲ್ಕು ರಾತ್ರಿಯ ಕ್ರೂಸ್. ಮೊದಲ ದಿನ ಕಾರ್ನಾಕ್ ಮತ್ತು ಲಕ್ಸರ್ ದೇವಾಲಯ. ಎರಡನೇ ದಿನ ಬೆಳಿಗ್ಗೆ ಪಶ್ಚಿಮ ದಂಡೆ. ಮಧ್ಯಾಹ್ನದ ಹೊತ್ತಿಗೆ ಹಡಗು ಹೊರಡುತ್ತದೆ. ಬಲೂನಿಗೆ ಸಿಗುವುದು ಅದೊಂದೇ ಬೆಳಿಗ್ಗೆ. ಗಾಳಿ ಕೆಟ್ಟರೆ ಬಲೂನು ಹೋಯಿತು. ಬಲೂನು ತಡವಾದರೆ ಕಣಿವೆ ಹೋಯಿತು. ಎರಡೂ ತಡವಾದರೆ ಹಡಗೇ ಹೋಯಿತು.

ನನಗೆ ಮೂರೂ ತರಹ ಪೆಟ್ಟು ಬಿದ್ದಿದೆ, ಹಡಗೊಂದು ಹೇಗೋ ಕೈಗೆ ಸಿಕ್ಕಿತು ಅಷ್ಟೇ. ಒಂದು ಸಲ ಬಲೂನಿನವರು ನಮ್ಮನ್ನು ಎರಡನೇ ಬ್ಯಾಚಿಗೆ ತಳ್ಳಿದರು. ಲಕ್ಸರ್‌ನಲ್ಲಿ ಬಲೂನು ಬ್ಯಾಚ್ ಬ್ಯಾಚಾಗಿ ಏರುತ್ತವೆ ಅನ್ನುವುದು ನಿಮಗೆ ಗೊತ್ತೇ ಇದೆ. ಒಂದು ಗುಂಪು ಇಳಿದ ಮೇಲೆ ಅದೇ ಬಲೂನಿಗೆ ಇನ್ನೊಂದು ಗುಂಪು. ಕಡಿಮೆ ದರಕ್ಕೆ ಬುಕ್ ಮಾಡಿದವರು ನಾಲ್ಕು ಗಂಟೆಗೇ ಎದ್ದು ಬಂದು, ಸೂರ್ಯ ಹುಟ್ಟುವುದನ್ನು ಮೈದಾನದಲ್ಲಿ ನಿಂತೇ ನೋಡುತ್ತಾರೆ. ನಾವೂ ನೋಡಿದೆವು. ಇಳಿದಾಗ ಎಂಟು ದಾಟಿತ್ತು. ಕಣಿವೆಗೆ ಹೋದರೆ ಹಡಗುಗಳ ಜನವೆಲ್ಲ ಅಲ್ಲೇ. ಕೆಂಪು ಸಮುದ್ರದ ದಡದ ಹುರ್ಗಾಡಾದಿಂದ ಬರುವ ಬಸ್ಸುಗಳೂ ಒಂದೊಂದಾಗಿ ಸೇರಿದವು. ಸಮಾಧಿಯ ಒಳಗೆ ಮದುವೆ ಮನೆ ಊಟದ ಹಾಲಿನಷ್ಟೇ ನೂಕುನುಗ್ಗಲು. ಮೂರ್ನಾಲ್ಕು ಜನ ನೆರಳಲ್ಲಿ ಕೂತವರು ಒಳಗೆ ಬರಲೇ ಇಲ್ಲ. ಊರಿಗೆ ಬಂದ ಮೇಲೆ ತಲೆಗೆ ಎರಡು ಸಾವಿರದ ಹಾಗೆ ನನ್ನ ಕೈಯಿಂದ ವಾಪಸ್ ಕೊಟ್ಟೆ.

ಇನ್ನೊಂದು ಸಲ ಗಾಳಿಯಿಂದ ಹಾರಾಟವೇ ರದ್ದಾಯಿತು. ಪೂರ್ತಿ ಡಾಲರ್ ಮುಂಗಡ ಇಟ್ಟುಕೊಂಡಿದ್ದ ಮಧ್ಯವರ್ತಿ, “ಮುಂದಿನ ಸಲ ಬಂದಾಗ ಹಾರಿ” ಅಂತ ಕ್ರೆಡಿಟ್ ನೋಟ್ ಕೊಟ್ಟ. ಮಂಡ್ಯದ ನಿವೃತ್ತ ಮೇಷ್ಟ್ರು ಎರಡನೇ ಸಲ ಈಜಿಪ್ಟಿಗೆ ಯಾವಾಗ ಬರುತ್ತಾರೆ ಸ್ವಾಮಿ! ತಿಂಗಳುಗಟ್ಟಲೆ ಕಾದ ಮೇಲೆ ದುಡ್ಡು ಬಂತು, ಬ್ಯಾಂಕ್ ಖರ್ಚು ಮುರಿದುಕೊಂಡು. ಅಷ್ಟರಲ್ಲಿ ಗ್ರೂಪಿಗೆ ನಾನೇ ಕೊಟ್ಟಾಗಿತ್ತು. ಎಲ್ಲ ಸೇರಿ ನಲವತ್ತು ಐವತ್ತು ಸಾವಿರ ಕೈಬಿಟ್ಟಿರಬೇಕು.

ಆಮೇಲೆ ಮಾಡಿದ್ದು ಇಷ್ಟೇ: ಕ್ರೂಸನ್ನು ತಿರುಗಿಸಿದೆ. ಕೈರೋದಿಂದ ವಿಮಾನದಲ್ಲಿ ನೇರ ಆಸ್ವಾನ್. ಅಲ್ಲಿಂದ ಅಬು ಸಿಂಬೆಲ್ ದೇವಾಲಯ ನೋಡಿ, ಮೂರು ರಾತ್ರಿಯ ಕ್ರೂಸ್ ಹತ್ತಿ ಲಕ್ಸರ್‌ಗೆ ಬಂದು ಇಳಿಯುವುದು. ಇಳಿದ ಮೇಲೆ ಹಡಗಿನ ಗಂಟೆ ನಮ್ಮ ತಲೆಯ ಮೇಲಿಲ್ಲ. ಪಶ್ಚಿಮ ದಂಡೆಯಲ್ಲೇ ಒಂದು ಸಣ್ಣ ಹೋಟೆಲಿನಲ್ಲಿ ಎರಡು ರಾತ್ರಿ. ಅಂದರೆ ಕೈಯಲ್ಲಿ ಎರಡು ಬೆಳಿಗ್ಗೆ. ಮೊದಲನೆಯದು ಕೆಟ್ಟರೆ ಎರಡನೆಯದಿದೆ. ಅಬು ಸಿಂಬೆಲ್‌ಗೂ ಕತ್ತಲಲ್ಲೇ ಎದ್ದು ಹೊರಡಬೇಕಲ್ಲ, ಆ ಸುಸ್ತು ಹಡಗಿನಲ್ಲಿ ದಾರಿಯ ಕೊಮ್ ಒಂಬೊ, ಎಡ್‌ಫು ದೇವಾಲಯ ನೋಡುತ್ತಾ ಇಳಿದುಹೋಗಿರುತ್ತದೆ. ಹಳೆಯ ಪ್ಲಾನಿನಲ್ಲಿ ಬಲೂನಿನ ನಿದ್ದೆಗೇಡು ಒಂದು ಕಡೆ, ಅಬು ಸಿಂಬೆಲ್ ನಿದ್ದೆಗೇಡು ಇನ್ನೊಂದು ಕಡೆ, ಮಧ್ಯೆ ಎಡ್‌ಫುವಿನ ಕುದುರೆಗಾಡಿ ಗಲಾಟೆ. ಜನ ಸೋತುಹೋಗುತ್ತಿದ್ದರು.

ದುಡ್ಡಿನ ಲೆಕ್ಕಕ್ಕೆ ಬರೋಣ. ನಾಲ್ಕು ರಾತ್ರಿಯ ಹಡಗಿಗಿಂತ ಮೂರು ರಾತ್ರಿಯದ್ದು ಅಗ್ಗ. ಉಳಿದದ್ದರಲ್ಲಿ ಪಶ್ಚಿಮ ದಂಡೆಯ ಹೋಟೆಲಿನ ಎರಡು ರಾತ್ರಿ ಆರಾಮಾಗಿ ಮುಗಿಯುತ್ತದೆ. ಬಲೂನು ಗ್ರೂಪ್ ದರದಲ್ಲಿ ಅರವತ್ತರಿಂದ ಎಂಬತ್ತು ಡಾಲರ್, ನಮ್ಮ ದುಡ್ಡಲ್ಲಿ ಆರೇಳು ಸಾವಿರ ಅಂತಿಟ್ಟುಕೊಳ್ಳಿ. ಹಡಗಿನ ರಿಸೆಪ್ಶನ್ನಿನಲ್ಲಿ ಕೇಳಿದರೆ ಇದಕ್ಕಿಂತ ಎಷ್ಟೋ ಜಾಸ್ತಿ ಹೇಳುತ್ತಾರೆ. ನಾನು ಮುಂಗಡ ಕೊಡುವುದು ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಉಳಿದದ್ದು ಇಳಿದ ಮೇಲೆ, ಕೈಗೇ. ವೋಚರಿನ ಮೇಲೆ ‘ಮೊದಲ ಹಾರಾಟ’ ಅಂತ ಬರೆಸಿಕೊಳ್ಳದೆ ಒಂದು ಈಜಿಪ್ಟ್ ಪೌಂಡೂ ಬಿಚ್ಚುವುದಿಲ್ಲ. ಬರೆದುಕೊಟ್ಟರೂ ಮೈದಾನದಲ್ಲಿ ಆಟ ಆಡುವವರಿದ್ದಾರೆ. ಅಲ್ಲಿ ಮೊದಲ ಬುಟ್ಟಿಗೇ ನಮ್ಮವರನ್ನು ಹತ್ತಿಸಲು ನನ್ನದೊಂದು ಉಪಾಯ ಇದೆ. ಅದು ಇಲ್ಲಿಗೆ ಬೇಡ.

ಪಶ್ಚಿಮ ದಂಡೆಯಲ್ಲಿ ಮಲಗುವುದರಿಂದ ಇನ್ನೊಂದು ಲಾಭ. ಆಚೆ ದಂಡೆಯವರು ಮೂರೂವರೆಗೆ ಎದ್ದು, ದೋಣಿಯಲ್ಲಿ ನೈಲ್ ದಾಟಿ ಬರುತ್ತಾರೆ. ಬಸ್ಸು ಸುತ್ತಿ ಬರೋಣ ಅಂದರೆ ಸೇತುವೆ ಊರಿನಿಂದ ಬಹಳ ದಕ್ಷಿಣಕ್ಕೆ. ನಮ್ಮವರು ಚಳಿಗಾಲದಲ್ಲಿ ಐದು ಗಂಟೆಗೆ ಎದ್ದರೂ ನಡೆಯುತ್ತದೆ. ದೋಣಿಯಲ್ಲಿ ಕೊಡುವ ಚಹಾ ಕೇಕು ತಪ್ಪುತ್ತದೆ, ತಪ್ಪಲಿ ಬಿಡಿ. ನಾನು ಫ್ಲಾಸ್ಕಿನಲ್ಲಿ ಫಿಲ್ಟರ್ ಕಾಫಿಯನ್ನೇ ಕೊಡುತ್ತೇನೆ. ಡಿಕಾಕ್ಷನ್ನಿಗೆ ಪುಡಿ ಇಲ್ಲಿಂದಲೇ, ಹಾಲು ಹೋಟೆಲಿನದು.

ಬಲೂನು ಯಾಕೆ ಮೊದಲು, ಕಣಿವೆ ಯಾಕೆ ಆಮೇಲೆ? ಬಿಸಿಲು, ಜನಜಂಗುಳಿ ಅಂತ ಎಲ್ಲರೂ ಹೇಳುತ್ತಾರೆ, ಅದು ಇದ್ದದ್ದೇ. ಆದರೆ ನನ್ನ ಕಾರಣ ಬೇರೆ. ಪಶ್ಚಿಮ ದಂಡೆ ನೆಲದಿಂದ ನೋಡಿದರೆ ಅರ್ಥವೇ ಆಗುವುದಿಲ್ಲ. ಬಸ್ಸು ಒಂದು ಕಡೆ ನಿಲ್ಲಿಸಿ ರಾಣಿ ಹಾಟ್‌ಶೆಪ್‌ಸುಟ್ ದೇವಾಲಯ ತೋರಿಸುತ್ತೀರಿ. ಐದಾರು ಕಿಲೋಮೀಟರ್ ಸುತ್ತಿ ಇನ್ನೊಂದು ಕಡೆ ರಾಜರ ಕಣಿವೆ ತೋರಿಸುತ್ತೀರಿ. ಎರಡೂ ಒಂದೇ ಬೆಟ್ಟದ ಎರಡು ಬದಿ ಅಂತ ಜನಕ್ಕೆ ಎಷ್ಟು ಹೇಳಿದರೂ ಹೊಳೆಯುವುದಿಲ್ಲ. ಮೇಲೆ ಹೋದರೆ ಒಂದೇ ನೋಟಕ್ಕೆ ಕಾಣುತ್ತದೆ. ಬಂಡೆಯ ಬುಡದಲ್ಲಿ ದೇವಾಲಯ, ಅದರ ಬೆನ್ನಿಗೆ ಕಣಿವೆ, ನೆತ್ತಿಯ ಮೇಲೆ ಅಲ್ ಕುರ್ನ್ ಶಿಖರ. ಆ ಶಿಖರ ಪಿರಮಿಡ್ಡಿನ ಆಕಾರದಲ್ಲಿದೆ. ಪಿರಮಿಡ್ ಕಟ್ಟುವುದನ್ನು ಬಿಟ್ಟ ರಾಜರು ಇದರ ಬುಡಕ್ಕೇ ಯಾಕೆ ಬಂದು ಮಲಗಿರಬಹುದು ಅಂತ ಗೈಡ್ ಬಾಯಿ ಬಿಡುವ ಮೊದಲೇ ಗ್ರೂಪಿನಲ್ಲಿ ಯಾರಾದರೂ ಹೇಳಿಬಿಡುತ್ತಾರೆ.

ಇನ್ನೊಂದು, ಆ ಗೆರೆ. ಹಸಿರು ಮುಗಿದು ಮರಳು ಶುರುವಾಗುವ ಗೆರೆ. ಒಂದು ಕಾಲು ಗದ್ದೆಯಲ್ಲಿ, ಒಂದು ಕಾಲು ಮರುಭೂಮಿಯಲ್ಲಿ ಇಟ್ಟು ನಿಲ್ಲಬಹುದು, ಅಷ್ಟು ಚೊಕ್ಕ. ಮೆದಿನೆತ್ ಹಾಬು, ರಾಮೆಸ್ಸಿಯಮ್, ಉತ್ತರದ ಸೇಟಿ ದೇವಾಲಯ ಎಲ್ಲ ಆ ಗೆರೆಯ ಅಂಚಿಗೇ ಸಾಲಾಗಿ ಕೂತಿವೆ. ಬೆಳೆಯುವ ನೆಲವನ್ನು ಕಟ್ಟಡಕ್ಕೆ ಹಾಳು ಮಾಡಿಲ್ಲ. ಇದನ್ನು ಮೇಲಿಂದ ನೋಡಿದವರಿಗೆ ಕೆಳಗೆ ಅರ್ಧ ವಿವರಣೆ ಸಾಕು. ನೆನಪು ಹಸಿಯಾಗಿರುವಾಗಲೇ ಕರೆದೊಯ್ಯಬೇಕು. ಬಲೂನು ಒಂದು ದಿನ, ಕಣಿವೆ ಮರುದಿನ ಅಂತ ಒಂದು ಗ್ರೂಪಿಗೆ ಮಾಡಿ ನೋಡಿದೆ. ಜೋಡಣೆ ಆಗಲೇ ಇಲ್ಲ. ರಾತ್ರಿ ನಿದ್ದೆ ಮಾಡಿದ ಮೇಲೆ ಬರೀ ಫೋಟೋ ಉಳಿದಿತ್ತು.

ಹೋದ ಜನವರಿಯಲ್ಲಿ ಮದ್ದೂರು ಕಡೆಯ ಒಬ್ಬರು ಅಜ್ಜಿ ಬುಟ್ಟಿಯ ಅಂಚು ಗಟ್ಟಿಯಾಗಿ ಹಿಡಿದು ಕಣ್ಣು ಮುಚ್ಚಿ ನಿಂತಿದ್ದರು. ತಲೆಗೆ ಮಂಕಿ ಕ್ಯಾಪು. ಅದು ಚಳಿಗೆ ಹಾಕಿಕೊಂಡದ್ದು, ಕೆಲಸಕ್ಕೆ ಬಂದದ್ದು ಬರ್ನರ್ ಬಿಸಿಗೆ. ಪೈಲಟ್ ಬೆಂಕಿ ನಿಲ್ಲಿಸಿ ಬಲೂನನ್ನು ಗದ್ದೆಗಳ ಮೇಲೆ ಕೆಳಕ್ಕೆ ತಂದ. ತಾಳೆಮರದ ಎತ್ತರ ಇರಬಹುದು. ನಾಯಿ ಬೊಗಳುವುದು ಕೇಳುತ್ತಿತ್ತು. ಅಜ್ಜಿ ಕಣ್ಣು ಬಿಟ್ಟರು. “ಏನಪ್ಪಾ, ಇದು ಕಬ್ಬಲ್ವಾ?” ಹೌದಮ್ಮ ಅಂದೆ. “ಅಯ್ಯೋ, ಇದನ್ನ ನೋಡಕ್ಕೆ ಅಷ್ಟು ದುಡ್ಡು ಕೊಟ್ಟು ಬಂದ್ವಾ!” ಬುಟ್ಟಿಯಲ್ಲಿದ್ದ ನಮ್ಮವರೆಲ್ಲ ನಕ್ಕರು. ಅಲ್ಲಿಂದ ಇಳಿಯುವ ತನಕ ಅಜ್ಜಿಯದೇ ವಿವರಣೆ. ಯಾವುದು ಕಟಾವಿಗೆ ಬಂದಿದೆ, ಯಾವುದು ಕೂಳೆ ಅಂತ. ಕಬ್ಬು ಸಾಗಿಸುವ ಸಣ್ಣ ರೈಲು ಹಳಿಯನ್ನೂ ಅವರೇ ಮೊದಲು ಕಂಡುಹಿಡಿದರು. ನಾನು ಎಷ್ಟೋ ಸಲ ಹಾರಿದ್ದೇನೆ, ಗಮನಿಸಿರಲಿಲ್ಲ.

ಇಳಿಯುವ ಜಾಗ ಪೈಲಟ್‌ಗೂ ಮೊದಲೇ ಪಕ್ಕಾ ಗೊತ್ತಿರುವುದಿಲ್ಲ. ಎತ್ತರಕ್ಕೆ ತಕ್ಕಂತೆ ಗಾಳಿಯ ದಿಕ್ಕು ಬೇರೆ, ಅವನು ಮೇಲೆ ಕೆಳಗೆ ಆಡಿಸಿ ದಾರಿ ಹುಡುಕುತ್ತಾನೆ. ಹಿಂದೆಲ್ಲ ನಮ್ಮ ಬಸ್ಸು ಮೈದಾನದಲ್ಲೇ ಕಾಯುತ್ತಿತ್ತು. ಬಲೂನಿನವರ ಗಾಡಿ ಎಲ್ಲರನ್ನೂ ತುಂಬಿಕೊಂಡು ವಾಪಸ್ ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಹಾಳು. ಈಗ ನಮ್ಮ ಗಾಡಿ ಅವರ ಜೀಪಿನ ಹಿಂದೆಯೇ ಓಡುತ್ತದೆ. ದೊಡ್ಡ ಬಸ್ಸು ಹೊಲದ ದಾರಿಯಲ್ಲಿ ನುಗ್ಗುವುದಿಲ್ಲ, ಎರಡು ವ್ಯಾನ್ ಮಾಡಿಕೊಳ್ಳಿ. ಚಾಲಕನಿಗೆ ಇನ್ನೂರು ಮುನ್ನೂರು ಪೌಂಡ್ ಹೆಚ್ಚು ಕೊಟ್ಟರೆ ಖುಷಿಯಾಗಿ ಬರುತ್ತಾನೆ. ಇಳಿದ ಹತ್ತು ನಿಮಿಷಕ್ಕೆ ಹೊರಟಿರುತ್ತೇವೆ. ತಿಂಡಿ ಗಾಡಿಯಲ್ಲೇ: ಬಲಾದಿ ರೊಟ್ಟಿ, ತಾಮಿಯಾ, ಬಾಳೆಹಣ್ಣು. ತಾಮಿಯಾವನ್ನು ನಮ್ಮವರು ಎರಡನೇ ತುತ್ತಿಗೇ ಆಂಬೊಡೆ ಅಂತ ಕರೆದು ಮುಗಿಸುತ್ತಾರೆ.

ನವೆಂಬರ್‌ನಲ್ಲಾದರೆ ಏಳೂಕಾಲಿಗೆ ಕಣಿವೆಯ ಬಾಗಿಲಲ್ಲಿರಬಹುದು, ಜನವರಿಯಲ್ಲಿ ಏಳೂಮುಕ್ಕಾಲು. ಟಿಕೆಟ್ 750 ಪೌಂಡಿನ ಆಸುಪಾಸು. ಕ್ಯಾಶ್ ತೆಗೆದುಕೊಳ್ಳುವುದಿಲ್ಲ, ಕಾರ್ಡ್ ಮಾತ್ರ. ಒಂದು ಕಾರ್ಡ್ ಕೈಕೊಟ್ಟರೆ ಇರಲಿ ಅಂತ ಇನ್ನೊಂದು ಇಟ್ಟುಕೊಳ್ಳಿ. ಆ ಟಿಕೆಟ್ಟಿಗೆ ಮೂರು ಸಮಾಧಿ. ತುತಾಂಖಾಮನ್, ಸೇಟಿ, ಆರನೇ ರಾಮ್ಸೆಸ್ ಬೇರೆ ಟಿಕೆಟ್. ಮಂಡಿನೋವಿನವರಿಗೆ ನನ್ನ ಮೊದಲ ಆಯ್ಕೆ ನಾಲ್ಕನೇ ರಾಮ್ಸೆಸ್. ಬಾಗಿಲ ಹತ್ತಿರವೇ ಇದೆ, ಅಗಲವಾದ ದಾರಿ, ಇಳಿಜಾರು ಕಡಿಮೆ. ಒಂಬತ್ತನೇ ರಾಮ್ಸೆಸ್ ಕೂಡ ಪರವಾಗಿಲ್ಲ. ಮೆರೆನ್ಪ್ತಾ ತುಂಬ ಕಡಿದು, ಗಟ್ಟಿ ಕಾಲಿನವರಿಗೆ ಮಾತ್ರ. ತುತಾಂಖಾಮನ್ ಸಮಾಧಿಗೆ ಹೆಸರು ದೊಡ್ಡದು, ಕೋಣೆ ಚಿಕ್ಕದು. 1922ರಲ್ಲಿ ಸಿಕ್ಕ ನಿಧಿಯಲ್ಲಿ ಬಹುಪಾಲು ಕೈರೋ ಪಕ್ಕದ ಗೀಜಾದ ಮ್ಯೂಸಿಯಮ್ಮಿನಲ್ಲಿದೆ. ಆ ದುಡ್ಡಿಗೆ ಆರನೇ ರಾಮ್ಸೆಸ್‌ನ ಚಾವಣಿ ನೋಡಿ ಅಂತ ನಾನು ಹೇಳುತ್ತೇನೆ. ಅಲ್ಲಿ ಆಕಾಶದ ದೇವಿ ನೂಟ್ ಸಂಜೆ ಸೂರ್ಯನನ್ನು ನುಂಗಿ ಬೆಳಿಗ್ಗೆ ಹೆರುತ್ತಾಳೆ. ಸೂರ್ಯೋದಯದ ಬಲೂನು ಇಳಿದು ಬಂದವರಿಗೆ ಇದಕ್ಕಿಂತ ಒಳ್ಳೆಯ ಚಿತ್ರ ಬೇಕಾ?

ಗೈಡ್ ವಿಷಯ. ಅಲ್ಲಿನ ಲೈಸೆನ್ಸ್ ಇದ್ದವರೇ ವಿವರಿಸಬೇಕು, ನಮಗೆ ಅವಕಾಶ ಇಲ್ಲ. ಅವರೂ ಸಮಾಧಿಯ ಒಳಗೆ ಬಂದು ಭಾಷಣ ಮಾಡುವಂತಿಲ್ಲ, ಎಲ್ಲ ಹೊರಗೇ. ಹಾಗಾಗಿ ಹಿಂದಿನ ಸಂಜೆ ಗ್ರೂಪಿನ ವಾಟ್ಸಾಪಿಗೆ ಕನ್ನಡದಲ್ಲಿ ನಾಲ್ಕೈದು ನಿಮಿಷದ ವಾಯ್ಸ್ ನೋಟ್ ಹಾಕುತ್ತೇನೆ, ಸಮಾಧಿಗೊಂದು. ಕಿವಿಗೆ ಹಾಕಿಕೊಂಡು ಒಳಗೆ ನಡೆಯುತ್ತಾರೆ. ಬಲೂನಿಗೆ ಅಂತ ಕನ್ನಡ ನಕ್ಷೆ ಅಚ್ಚು ಹಾಕಿಸಿದ್ದೂ ಉಂಟು. ಬುಟ್ಟಿಯಲ್ಲಿ ಯಾರೂ ಬಿಡಿಸಿ ನೋಡಲಿಲ್ಲ, ಎರಡು ಕೈಯೂ ಮೊಬೈಲಿಗೇ ಬೇಕಲ್ಲ. ಗೈಡ್‌ಗೆ ದಿನದ ಸಂಬಳದ ಮೇಲೆ ಒಂದಷ್ಟು ಸೇರಿಸಿ, ಅಲಬಾಸ್ಟರ್ ಕಲ್ಲಿನ ಸಾಮಾನಿನ ಅಂಗಡಿಗೆ ಕರೆದೊಯ್ಯಬೇಡಿ ಅಂತ ಮೊದಲೇ ಮಾತಾಡಿಕೊಳ್ಳುತ್ತೇನೆ. ಅವನಿಗೆ ಅಂಗಡಿ ಕಮಿಷನ್ ಹೋಗುತ್ತದೆ, ಅದನ್ನು ತುಂಬಿಕೊಡಬೇಕಾದದ್ದು ನ್ಯಾಯ. ಉಳಿಯುವ ಮುಕ್ಕಾಲು ಗಂಟೆಯಲ್ಲಿ ಹಾಟ್‌ಶೆಪ್‌ಸುಟ್ ಮುಗಿಯುತ್ತದೆ. ಮೆಮ್ನಾನ್ ಮೂರ್ತಿಗಳಿಗೆ ಟಿಕೆಟ್ ಇಲ್ಲ, ದಾರಿಯಲ್ಲೇ ಹತ್ತು ನಿಮಿಷ. ಮೆದಿನೆತ್ ಹಾಬುವನ್ನು ಸಂಜೆಗೆ ಇಟ್ಟುಕೊಂಡಿದ್ದೇನೆ, ಆಗ ಅಲ್ಲಿ ಜನವೇ ಇರುವುದಿಲ್ಲ.

ಹೆದರುವವರು ಇದ್ದೇ ಇರುತ್ತಾರೆ. 2013ರ ಫೆಬ್ರವರಿಯಲ್ಲಿ ಇದೇ ಲಕ್ಸರ್‌ನಲ್ಲಿ ಬಲೂನಿಗೆ ಬೆಂಕಿ ಬಿದ್ದು 19 ಜನ ಸತ್ತರು. ಅದನ್ನು ನಾನು ಬುಕಿಂಗ್ ಸಮಯದಲ್ಲೇ ಹೇಳುತ್ತೇನೆ, ಮುಚ್ಚಿಡುವುದಿಲ್ಲ. ಇನ್ಶೂರೆನ್ಸ್ ಪಾಲಿಸಿಯಲ್ಲಿ ಬಲೂನು ಸೇರಿದೆಯಾ ಅಂತ ಸಣ್ಣ ಅಕ್ಷರ ಓದಿ, ಎಷ್ಟೋ ಪಾಲಿಸಿಯಲ್ಲಿ ಇರುವುದಿಲ್ಲ. ಗರ್ಭಿಣಿಯರಿಗೆ, ಹೊಸದಾಗಿ ಆಪರೇಷನ್ ಆದವರಿಗೆ ಬೇಡ. ಸೀರೆಯವರಿಗೆ ಆ ದಿನ ಚೂಡಿದಾರ್, ಬುಟ್ಟಿಯ ಪಕ್ಕದ ತೂತಿಗೆ ಕಾಲಿಟ್ಟು ಹತ್ತಬೇಕು. ಇಳಿಯುವಾಗ ಕೂರುವ ಭಂಗಿಯನ್ನು ಹಿಂದಿನ ಸಂಜೆ ಹೋಟೆಲಿನ ಅಂಗಳದಲ್ಲೇ ಒಂದು ಸಲ ಮಾಡಿಸುತ್ತೇನೆ.

ಹಾರದವರನ್ನು ಹೋಟೆಲಿನಲ್ಲಿ ಮಲಗಿಸದೆ, ಬಲೂನಿನ ಹಿಂದೆ ಓಡುವ ವ್ಯಾನಿನಲ್ಲಿ ಕೂರಿಸಿ ನೋಡಿದೆ. ಸುಮ್ನೆ ಪ್ರಯೋಗಕ್ಕೆ ಅಂತ. ಅದು ಎಷ್ಟು ಹಿಡಿಸಿತೆಂದರೆ ಈಗ ಹಾರುವ ಧೈರ್ಯ ಇರುವವರೂ ಕೆಲವರು ವ್ಯಾನನ್ನೇ ಕೇಳುತ್ತಾರೆ. ಮೇಲಿರುವ ಗಂಡನಿಗೆ ಕೆಳಗಿಂದ ವಿಡಿಯೋ ಕಾಲ್ ಮಾಡುತ್ತಾ, ಹೊಲದ ದಾರಿಯಲ್ಲಿ ಕತ್ತೆಗಾಡಿಗಳನ್ನು ದಾಟಿಕೊಂಡು ಓಡುವುದು. ಇವರಿಗೆ ಬಲೂನಿನ ದರ ವಾಪಸ್, ವ್ಯಾನಿಗೆ ಅಂತ ಏನೂ ತೆಗೆದುಕೊಳ್ಳುವುದಿಲ್ಲ.

ಏಪ್ರಿಲ್ ಮೇ ರಜೆಗೆ ಇದನ್ನೇ ಮಾಡಿಕೊಡಿ ಅಂತ ಕೇಳುವವರು ಬಹಳ. ನಾನು ಒಪ್ಪುವುದಿಲ್ಲ. ಮಾರ್ಚ್ ಕೊನೆಯಿಂದ ಖಮ್ಸೀನ್ ಗಾಳಿ ಶುರು, ಧೂಳೆದ್ದರೆ ಹಾರಾಟ ಇಲ್ಲ. ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ಮಾಮೂಲು. ಅಕ್ಟೋಬರ್ ಕೊನೆಯಿಂದ ಮಾರ್ಚ್ ಮೊದಲ ವಾರದ ತನಕ ಮಾತ್ರ ಬುಕಿಂಗ್ ತೆಗೆದುಕೊಳ್ಳುತ್ತೇನೆ. ಮಕ್ಕಳಿರುವವರು ಕ್ರಿಸ್‌ಮಸ್ ರಜೆಗೆ ಬರಲಿ, ಹಡಗಿನ ದರ ಆಗ ಏರಿರುತ್ತದೆ, ಅದನ್ನು ಮೊದಲೇ ಹೇಳಿಬಿಡಿ.