ಗಾಡಿ ತಗ್ಗಿಸಿದ ಮೇಲೆ ಹಿಂದಿನ ಚಕ್ರ: ದಾರ ಕಟ್ಟಿ ಟೋ ಕೂರಿಸುವ ಕ್ರಮ

ಹೋಂಡಾ ಸಿವಿಕ್‌ಗೆ (2006ರಿಂದ ಬಂದ, ದುಂಡು ಮೂತಿಯ ಸೆಡಾನ್) ಲೋವರಿಂಗ್ ಸ್ಪ್ರಿಂಗ್ ಹಾಕಿಸಿದವರೆಲ್ಲ ಮೊದಲು ತೋರಿಸುವುದು ಹಿಂದಿನ ಚಕ್ರದ ವಾಲು. ಚಕ್ರದ ತಲೆ ಒಳಕ್ಕೆ ಬಾಗಿದ್ದು ಕಣ್ಣಿಗೆ ಹೊಡೆಯುತ್ತದೆ, ಹಾಗಾಗಿ ಟೈರ್ ತಿಂದ ಪಾಪವೆಲ್ಲ ಕ್ಯಾಂಬರ್ (ಈ ವಾಲಿನ ಕೋನ) ತಲೆಗೆ. ನಿಜವಾದ ಕಳ್ಳ ಟೋ, ಅಂದರೆ ಮೇಲಿಂದ ನೋಡಿದಾಗ ಚಕ್ರದ ಮುಂದಂಚು ಒಳಕ್ಕೋ (ಟೋ-ಇನ್) ಹೊರಕ್ಕೋ (ಟೋ-ಔಟ್) ತಿರುಗಿರುವ ಕೋನ. ಮೈನಸ್ 2 ಡಿಗ್ರಿ ಕ್ಯಾಂಬರ್ ಇದ್ದರೂ ಟೋ ಸರಿಯಿದ್ದರೆ ಟೈರ್ ಬಾಳುತ್ತದೆ. ಟೋ 1 ಡಿಗ್ರಿ ಸೊಟ್ಟಗಾದರೆ ಚಕ್ರ ಪ್ರತಿ ಕಿಲೋಮೀಟರಿಗೆ ಸುಮಾರು 17 ಮೀಟರ್ ಅಡ್ಡಕ್ಕೆ ಉಜ್ಜಿದ ಲೆಕ್ಕ. ತುಮಕೂರಿಂದ ಬೆಂಗಳೂರಿಗೆ 70 ಕಿ.ಮೀ. ಹೋಗುವಷ್ಟರಲ್ಲಿ ಒಂದು ಕಿಲೋಮೀಟರಿಗೂ ಮಿಕ್ಕಿ ಅಡ್ಡಡ್ಡ ಎಳೆದಂತಾಯಿತು.

ಅಲೈನ್‌ಮೆಂಟ್ ಅಂಗಡಿಗಳಲ್ಲಿ ಎಷ್ಟೋ ಸಲ ಮುಂದಿನ ಟೋ ಮಾತ್ರ ಮುಟ್ಟಿ, "ಹಿಂದೆ ಏನೂ ಬರಲ್ಲ ಸಾರ್" ಅಂದುಬಿಡುತ್ತಾರೆ. ಪೋಲೋ, ಸ್ವಿಫ್ಟ್‌ನಂಥ ಟಾರ್ಷನ್ ಬೀಮ್ (ಹಿಂದಿನ ಎರಡೂ ಚಕ್ರವನ್ನು ಹಿಡಿದಿರುವ ಒಂದೇ ಅಡ್ಡತೊಲೆ) ಗಾಡಿಗೆ ಆ ಮಾತು ಸರಿ. ಅಲ್ಲಿ ಬೋಲ್ಟ್ ತಿರುಗಿಸಿ ಹೊಂದಿಸುವಂಥದ್ದು ಇಲ್ಲ, ತಗ್ಗಿಸಿದರೂ ಕೋನ ಹೆಚ್ಚು ಬದಲಾಗುವುದಿಲ್ಲ. ಅದರಲ್ಲಿ ಟೋ ತಪ್ಪಿದ್ದರೆ ಬೀಮ್ ಬಾಗಿದೆಯೇ, ಬುಷ್ (ಕೀಲಿನ ರಬ್ಬರು) ಹರಿದಿದೆಯೇ ನೋಡಬೇಕು. ಆಮೇಲೆ ಬೇಕಾದರೆ ಸ್ಟಬ್ ಆಕ್ಸಲ್ (ಚಕ್ರ ಕೂರುವ ಗಿಡ್ಡ ಅಚ್ಚು) ಹಿಂದೆ ಶಿಮ್, ಅಂದರೆ ತೆಳು ತಗಡು. ಸಿವಿಕ್ ಹಾಗಲ್ಲ. ಹಿಂದಿನ ಸಸ್ಪೆನ್ಷನ್ನಿನ ಕೆಳತೋಳಿನ ಒಳತುದಿಯಲ್ಲಿ ಎಕ್ಸೆಂಟ್ರಿಕ್ ಬೋಲ್ಟ್ (ನಡು ತಪ್ಪಿದ ವಾಷರಿನದು, ತಿರುಗಿಸಿದರೆ ತೋಳು ಒಳಕ್ಕೋ ಹೊರಕ್ಕೋ ಸರಿಯುತ್ತದೆ) ಇದೆ, ಟೋ ಅದರಿಂದಲೇ. ಕ್ಯಾಂಬರ್‌ಗೆ ಮಾತ್ರ ಕಂಪನಿ ಏನೂ ಕೊಟ್ಟಿಲ್ಲ.

ಸ್ಪ್ರಿಂಗ್ ಹಾಕಿದ ದಿನವೇ ಅಳೆಯಬೇಡಿ. 150–200 ಕಿ.ಮೀ. ಓಡಿಸಿ, ಸ್ಪ್ರಿಂಗ್ ಕೂರಲಿ. ಅದಕ್ಕೂ ಮೊದಲು ಮಾಡಬೇಕಾದ ಒಂದು ಕೆಲಸವನ್ನು ಬಹಳ ಜನ ಬಿಡುತ್ತಾರೆ. ತೋಳುಗಳ ಬುಷ್‌ನಲ್ಲಿ ರಬ್ಬರು ಒಳಗಿನ ಕಬ್ಬಿಣದ ಕೊಳವೆಗೆ ಅಂಟಿರುತ್ತದೆ. ಗಾಡಿ ಜ್ಯಾಕ್ ಮೇಲೆ ತೂಗುತ್ತಿರುವಾಗ ಬೋಲ್ಟ್ ಬಿಗಿ ಮಾಡಿದರೆ ರಬ್ಬರು ಆ ಎತ್ತರಕ್ಕೇ ಹಿಡಿದುಕೊಳ್ಳುತ್ತದೆ. ಕೆಳಗಿಳಿಸಿದ ಮೇಲೆ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ, ಎತ್ತರವೂ ಸುಳ್ಳು ತೋರಿಸುತ್ತದೆ. ಆದ್ದರಿಂದ ನಾಲ್ಕೂ ಚಕ್ರದ ಮೇಲೆ ಭಾರ ಬಿಟ್ಟು, ಎಲ್ಲ ತೋಳುಗಳ ಬೋಲ್ಟ್ ಸಡಿಲಿಸಿ ಮತ್ತೆ ಬಿಗಿ ಮಾಡಬೇಕು. ಪಿಟ್ ಇಲ್ಲದಿದ್ದರೆ ಗಟ್ಟಿ ಹಲಗೆಗಳ ಮೇಲೆ ಚಕ್ರ ಹತ್ತಿಸಿ. ಬರೀ ಜ್ಯಾಕ್ ನಂಬಿ ಕೆಳಗೆ ತೂರಬೇಡಿ.

ನೆಲ ಸಮ ನೋಡಲು ಗಾರೆಯವರ ನೀರಿನ ಪೈಪು ಸಾಕು. ತಗ್ಗಿದ ಚಕ್ರದಡಿ ತಗಡು ಕೊಡಿ. ಹಿಂದಿನ ಎರಡೂ ಚಕ್ರದಡಿ ಎರಡೆರಡು ಗ್ರಾನೈಟ್ ಕಟಿಂಗ್ ಪೀಸು, ಪಾಲಿಶ್ ಮುಖಗಳ ನಡುವೆ ಗ್ರೀಸು. ಬೋಲ್ಟ್ ತಿರುಗಿಸಿದಾಗ ಟೈರ್ ನೆಲ ಕಚ್ಚದೆ ಜಾರಬೇಕು, ಇಲ್ಲವಾದರೆ ಅಳತೆ ಬದಲಾಗುವುದೇ ಇಲ್ಲ. ಗಾಳಿ ಸರಿ ಮಾಡಿ, ಅರ್ಧ ಟ್ಯಾಂಕ್ ಪೆಟ್ರೋಲ್, ಡ್ರೈವರ್ ಸೀಟಿನ ಮೇಲೆ 25 ಕೆ.ಜಿ.ಯ ಮೂರು ಮೂಟೆ, ಅಕ್ಕಿಯೋ ರಾಗಿಯೋ. ಹ್ಯಾಂಡ್‌ಬ್ರೇಕ್ ಬಿಟ್ಟಿರಲಿ.

ನಾಲ್ಕು ಸ್ಟ್ಯಾಂಡಿಗೆ ನೈಲಾನ್ ದಾರವನ್ನು ಹಬ್‌ನ (ಚಕ್ರದ ನಡುಭಾಗ) ಎತ್ತರಕ್ಕೆ, ಗಾಡಿಯ ಎರಡೂ ಪಕ್ಕ ಬಿಗಿಯಾಗಿ ಕಟ್ಟಿ. ಎರಡು ದಾರಗಳ ಅಂತರ ಮುಂದೆ ಎಷ್ಟೋ ಹಿಂದೆಯೂ ಅಷ್ಟೇ. ಮುಂದಿನ ಎಡ ಹಬ್‌ನಿಂದ ದಾರಕ್ಕೆ ಇರುವ ದೂರ ಮುಂದಿನ ಬಲಕ್ಕೆ ಸಮ, ಹಿಂದಿನ ಎಡ ಹಿಂದಿನ ಬಲಕ್ಕೆ ಸಮ. ಮುಂದಿನದೂ ಹಿಂದಿನದೂ ಒಂದೇ ಆಗಬೇಕಿಲ್ಲ. ಈಗ ಹಿಂದಿನ ರಿಮ್‌ನ ಮುಂದಂಚು, ಹಿಂದಂಚು ಎರಡರಿಂದಲೂ ದಾರಕ್ಕೆ ಸ್ಟೀಲ್ ಸ್ಕೇಲ್ ಹಿಡಿಯಿರಿ. ಮುಂದಂಚು ದಾರದಿಂದ ಹೆಚ್ಚು ದೂರ ಇದ್ದರೆ ಟೋ-ಇನ್. 16 ಇಂಚಿನ ರಿಮ್‌ನಲ್ಲಿ ಅಂಚಿನಿಂದ ಅಂಚಿಗೆ ಸುಮಾರು 430 ಮಿ.ಮೀ., ಅಂದರೆ 1 ಡಿಗ್ರಿಗೆ 7.5 ಮಿ.ಮೀ. ವ್ಯತ್ಯಾಸ. ನಾನು ಕೂರಿಸುವುದು ಒಂದೊಂದು ಚಕ್ರಕ್ಕೆ 1 ಮಿ.ಮೀ. ಟೋ-ಇನ್, ಎಡ ಬಲ ಸಮ. ಸೊನ್ನೆಗಿಂತ ಈಚೆ, ಟೋ-ಔಟ್‌ಗೆ ಹೋದರೆ ಹೈವೇಯಲ್ಲಿ ಲೇನ್ ಬದಲಿಸುವಾಗ ಬಾಲ ಅಲ್ಲಾಡುತ್ತದೆ.

ಒಟ್ಟು ಟೋ ಸರಿಯಿದ್ದು ಎಡ 2, ಬಲ 0 ಆದರೂ ತಪ್ಪೇ. ಆಗ ಹಿಂದಿನ ಜೋಡಿ ಬಲಕ್ಕೆ ಮುಖ ಮಾಡಿರುತ್ತದೆ, ನೇರ ಹೋಗಲು ಸ್ಟೀರಿಂಗ್ ಸದಾ ಬಲಕ್ಕೆ ಹಿಡಿಯಬೇಕಾಗುತ್ತದೆ. ಅದನ್ನು ಮುಂದಿನ ಟೈ ರಾಡ್‌ನಲ್ಲಿ (ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಸರಳು) ಸರಿ ಮಾಡಿ ಕಳಿಸುವುದು ರೋಗ ಮುಚ್ಚಿಟ್ಟ ಹಾಗೆ.

ಕ್ಯಾಂಬರ್ ನೋಡಲು ರಿಮ್‌ಗೆ ಅಲ್ಯುಮಿನಿಯಂ ಪಟ್ಟಿ ಒತ್ತಿ ಡಿಜಿಟಲ್ ಆಂಗಲ್ ಗೇಜ್ ಇಡಿ. ಚಕ್ರವನ್ನು ಅರ್ಧ ಸುತ್ತು ಉರುಳಿಸಿ ಇನ್ನೊಮ್ಮೆ ಅಳೆದು ಸರಾಸರಿ ತೆಗೆಯಿರಿ, ರಿಮ್‌ನ ಸೊಟ್ಟ ಲೆಕ್ಕದಿಂದ ಹೋಗುತ್ತದೆ. ಮೈನಸ್ 2.5 ದಾಟಿದರೆ ಮಾತ್ರ ಅಡ್ಜಸ್ಟಬಲ್ ತೋಳು. ಉದ್ದದ ಮೇಲ್ತೋಳು ಹಾಕಿದರೆ ಟೈರ್ ತಲೆ ಹೊರಗೆ ಬಂದು, ಹಂಪಿನಲ್ಲಿ ಫೆಂಡರ್‌ಗೆ ತಾಗಬಹುದು. ತೋಳು ಬದಲಿಸಿದರೆ ಟೋ ಕೂಡ ಕದಲುತ್ತದೆ, ಹಾಗಾಗಿ ಕ್ಯಾಂಬರ್ ಮೊದಲು, ಟೋ ಕೊನೆಗೆ.

ಎಕ್ಸೆಂಟ್ರಿಕ್ ಬೋಲ್ಟ್ ತಿರುಗಿಸುವ ಮುನ್ನ ಬಿಳಿ ಪೇಂಟಿನಲ್ಲಿ ಗುರುತು ಹಾಕಿ. ನಟ್ಟು ಸಡಿಲಿಸಿ, ಬೋಲ್ಟ್ ತಲೆಯನ್ನು ಕೂದಲೆಳೆಯಷ್ಟೇ ತಿರುಗಿಸಿ ಅಳೆಯಿರಿ. ನಟ್ಟು ಬಿಗಿಯುವಾಗ ಬೋಲ್ಟ್ ತಲೆಯನ್ನು ಇನ್ನೊಂದು ಸ್ಪ್ಯಾನರ್‌ನಲ್ಲಿ ಹಿಡಿದಿರಬೇಕು, ಆದರೂ ಅರ್ಧ ಮಿ.ಮೀ. ಜಾರುತ್ತದೆ. ಅದಕ್ಕೇ ಬಿಗಿ ಮಾಡಿದ ಮೇಲಿನ ಅಳತೆಯೇ ಅಳತೆ. ವಾಷರ್‌ನ ಅಂಚು ಬ್ರಾಕೆಟ್ಟಿನ ಎರಡು ಕಿವಿಗಳ ನಡುವೆಯೇ ಕೂತಿದೆಯೇ, ಟಾರ್ಚ್ ಬಿಟ್ಟು ನೋಡಿ. ಕಿವಿಯ ಮೇಲೆ ಹತ್ತಿ ಕೂತಿದ್ದರೆ ಮೊದಲ ಗುಂಡಿಗೇ ಎಲ್ಲ ಹೋಯಿತು.

ಮಂಗಳೂರು ಕಡೆಯಿಂದ ಬಂದ ಗಾಡಿಯಾದರೆ ಈ ಬೋಲ್ಟ್ ಬುಷ್ ಕೊಳವೆಗೆ ತುಕ್ಕು ಹಿಡಿದು ಒಂದಾಗಿರುತ್ತದೆ. ನಟ್ಟು ಬಿಚ್ಚುತ್ತದೆ, ಬೋಲ್ಟ್ ಮಾತ್ರ ರಬ್ಬರನ್ನೂ ತಿರುಚಿಕೊಂಡು ಸ್ಪ್ರಿಂಗಿನಂತೆ ವಾಪಸ್ ಬರುತ್ತದೆ. ಹಿಂದಿನ ರಾತ್ರಿಯೇ ರಸ್ಟ್ ರಿಮೂವರ್ ಹೊಡೆದಿಡಿ. ಗ್ಯಾಸ್ ಬೆಂಕಿ ಬೇಡ, ಬುಷ್ ಸುಡುತ್ತದೆ. ಬರದಿದ್ದರೆ ಹ್ಯಾಕ್ಸಾದಲ್ಲಿ ಬುಷ್‌ನ ಎರಡೂ ಪಕ್ಕ ಕೊಯ್ದು ತೋಳು ಇಳಿಸಿ, ಹೊಸ ಬುಷ್, ಬೋಲ್ಟ್, ವಾಷರ್, ನಟ್ಟು ಸೇರಿಸಿಯೇ ಹಾಕುವುದು. ಹೊಸ ಬೋಲ್ಟಿನ ನಯವಾದ ಭಾಗಕ್ಕೆ ಕಾಪರ್ ಗ್ರೀಸ್ ಸವರಿ, ಥ್ರೆಡ್‌ಗೆ ಬೇಡ.

ಕೊನೆಗೆ ಗಾಡಿಯನ್ನು ಮೂರು ಮೀಟರ್ ಹಿಂದೆ ಮುಂದೆ ಉರುಳಿಸಿ, ಡಿಕ್ಕಿ ಒತ್ತಿ ಕುಣಿಸಿ, ಮತ್ತೊಮ್ಮೆ ಅಳೆಯಿರಿ. ಆಮೇಲೆ ಮುಂದಿನ ಟೋ. 500 ಕಿ.ಮೀ. ಆದ ಮೇಲೆ ಬಿಳಿ ಗುರುತು ಕದಲಿದೆಯೇ ನೋಡಿ, ಟ್ರೆಡ್ ಮೇಲೆ ಅಂಗೈ ಆಡಿಸಿ. ಹೊರಗಿಂದ ಒಳಕ್ಕೆ ನುಣುಪು, ಒಳಗಿಂದ ಹೊರಕ್ಕೆ ಗರಗಸದಂತೆ ತಾಗಿದರೆ ಟೋ-ಇನ್ ಹೆಚ್ಚಾಗಿದೆ. ತಿರುಗಾಮುರುಗಾ ಆದರೆ ಟೋ-ಔಟ್.