‘ಮೊದಲಿದ್ದ ಹಾಗೆ’ ಎಂದರೆ ಎಂದಿನ ಹಾಗೆ?

ಸಾಗರ ತಾಲ್ಲೂಕಿನ ಹಳೆಯ ಮನೆಯೊಂದನ್ನು ಸರಿಪಡಿಸುವ ಕೆಲಸ ಒಪ್ಪಿಕೊಂಡ ದಿನ ಮನೆಯ ಹಿರಿಯರಾದ ಅಜ್ಜಿ ನನ್ನನ್ನು ಕೇಳಿಕೊಂಡದ್ದು ಒಂದೇ ಮಾತು: “ಎಲ್ಲವೂ ಮೊದಲಿದ್ದ ಹಾಗೆ ಆಗಬೇಕು.” ಆ ಮಾತು ಎಷ್ಟು ಕಷ್ಟದ್ದೆಂದು ತಿಳಿದದ್ದು ಅಟ್ಟ ಹತ್ತಿದ ಮೇಲೆ. ಗೋಡೆಯ ತಲೆಯಲ್ಲಿ, ಛಾವಣಿಯ ಓರೆ ಮರಗಳಾದ ಈಗಿನ ಪಕ್ಕಾಸುಗಳಿಗಿಂತ ಕಡಿದಾದ ಇಳಿಜಾರಿನ ಗುರುತು ಉಳಿದಿತ್ತು. ಅಷ್ಟು ಕಡಿದಾದ ಇಳಿಜಾರು ಬೇಕಾಗುವುದು ಗರಿ ಹೊದಿಸಿದ ಛಾವಣಿಗೆ. ಅಂದರೆ ಮನೆಗೆ ಮೊದಲಿದ್ದದ್ದು ಸೋಗೆಯ ಮಾಡು. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮೆಲ್ಲನೆ ಘಟ್ಟ ಹತ್ತಿ ಬಂದ ಹೆಂಚು ಈ ಮನೆಗೂ ಬಂದಿತ್ತು. ಅಜ್ಜಿಯ ನೆನಪಿನ ‘ಮೊದಲು’ ಹೆಂಚಿನ ಕಾಲದ್ದು, ಗೋಡೆಯ ನೆನಪಿನ ‘ಮೊದಲು’ ಸೋಗೆಯ ಕಾಲದ್ದು.

ನಮ್ಮಲ್ಲಿ ಹಳೆಯ ಕಟ್ಟಡಕ್ಕೆ ಮಾಡುವ ಯಾವ ಕೆಲಸಕ್ಕೂ ಜೀರ್ಣೋದ್ಧಾರ ಎಂಬ ಒಂದೇ ಪದ ಬಳಕೆಯಲ್ಲಿದೆ. ಹಳೆಯ ಗುಡಿಯನ್ನು ಪೂರ್ತಿ ಕೆಡವಿ ಗ್ರಾನೈಟ್ ಹಾಸಿ ಹೊಸದಾಗಿ ಕಟ್ಟಿದರೂ ಫಲಕದ ಮೇಲೆ ಅದೇ ಪದ ಇರುತ್ತದೆ. ಇದು ನನಗೆ ನಿಜವಾಗಿಯೂ ನೋವು ಕೊಡುವ ಸಂಗತಿ. ಆಸ್ಟ್ರೇಲಿಯಾದ ತಜ್ಞರು 1979ರಲ್ಲಿ ಅಂಗೀಕರಿಸಿದ, ಪಾರಂಪರಿಕ ತಾಣಗಳ ರಕ್ಷಣೆಯ ನಿಯಮಾವಳಿಯಾದ ಬುರ್ರಾ ಸನ್ನದು ಈ ಕೆಲಸಗಳನ್ನು ಬಿಡಿಸಿ ಹೇಳುತ್ತದೆ. ಇದ್ದುದನ್ನು ಇದ್ದಂತೆಯೇ ಕಾಯ್ದು ಸವೆತವನ್ನು ನಿಧಾನಗೊಳಿಸುವುದು ಸಂರಕ್ಷಣೆ. ಖಚಿತವಾಗಿ ತಿಳಿದಿರುವ ಹಿಂದಿನ ಸ್ಥಿತಿಗೆ, ಇರುವ ಭಾಗಗಳನ್ನೇ ಜೋಡಿಸಿ ತರುವುದು ಪುನಃಸ್ಥಾಪನೆ. ಹೊಸ ಸಾಮಗ್ರಿ ಸೇರಿಸಿ ಕಟ್ಟುವುದು ಪುನರ್ನಿರ್ಮಾಣ. ಕೆಟ್ಟ ಭಾಗವನ್ನಷ್ಟೇ ಸರಿಪಡಿಸುವ ದುರಸ್ತಿ ಇವುಗಳ ನಡುವೆ ದಿನವೂ ನಡೆಯುವ ಕೆಲಸ. ಪ್ರತಿ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಿ ಒಡೆದವನ್ನು ಬದಲಿಸುತ್ತಿದ್ದ ಹಿರಿಯರು ಪದದ ಹಂಗಿಲ್ಲದೆ ಸಂರಕ್ಷಣೆಯನ್ನೇ ಮಾಡುತ್ತಿದ್ದರು.

ಆ ಮನೆಗೆ ಹೆಚ್ಚು ಹಾನಿ ಮಾಡಿದ್ದು ವಯಸ್ಸಲ್ಲ, ಹಿಂದೊಮ್ಮೆ ನಡೆದ ದುರಸ್ತಿ. ಜಂಬಿಟ್ಟಿಗೆ ಎಂಬ ಕೆಂಪು ಕಲ್ಲಿನ ಗೋಡೆಗೆ ನೆಲದಿಂದ ನಾಲ್ಕಡಿ ಎತ್ತರದವರೆಗೆ ಸಿಮೆಂಟ್ ಗಾರೆ ಮೆತ್ತಲಾಗಿತ್ತು. ನೆಲದಿಂದ ಏರುವ ತೇವ ಸುಣ್ಣದ ಗಾರೆಯ ಮೂಲಕ ಆರಿಹೋಗುತ್ತದೆ. ಸಿಮೆಂಟ್ ದಾರಿ ಕಟ್ಟಿದಾಗ ಅದು ಮತ್ತಷ್ಟು ಮೇಲೇರಿ, ಜೊತೆಗೆ ಒಯ್ದ ಉಪ್ಪನ್ನು ಕಲ್ಲಿನಲ್ಲಿ ಬಿಟ್ಟು, ಕಲ್ಲನ್ನೇ ಪುಡಿ ಮಾಡುತ್ತದೆ. ಸಿಮೆಂಟಿನ ಒಂದು ಚಕ್ಕೆಯನ್ನು ಕಿತ್ತಾಗ ಹಿಂದಿನ ಕಲ್ಲು ಆಗಷ್ಟೇ ನೀರಿನಿಂದ ತೆಗೆದಂತೆ ಒದ್ದೆಯಾಗಿತ್ತು, ಬೆರಳಿಟ್ಟರೆ ಕೆಂಪು ಹುಡಿ ಉದುರಿತು. ಸಿಮೆಂಟನ್ನೆಲ್ಲ ಕಿತ್ತು, ಅಂಗಳದ ನೀರು ಹೊರಗೆ ಹರಿಯುವಂತೆ ಚರಂಡಿ ಸರಿಪಡಿಸಿ, ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಗೋಡೆಯನ್ನು ಬರಿದೇ ಬಿಟ್ಟೆವು. ಮನೆಯವರಿಗೆ ಕೆಲಸ ನಿಂತಂತೆ ಕಂಡಿತು. ಆದರೆ ಗೋಡೆ ಒಣಗುವುದೇ ಆ ಐದು ತಿಂಗಳ ಕೆಲಸವಾಗಿತ್ತು.

ಅಷ್ಟರಲ್ಲಿ ಸುಟ್ಟ ಸುಣ್ಣವನ್ನು ಹೊಂಡದಲ್ಲಿ ನೀರು ಹಾಕಿ ಅರಳಿಸಿ, ಮೇಲೆ ನೀರು ನಿಲ್ಲಿಸಿ ಇಟ್ಟಿದ್ದೆವು. ಬೆಣ್ಣೆಯಂತಾದ ಆ ಸುಣ್ಣ ಒಂದು ಪಾಲಿಗೆ ಮೂರು ಪಾಲು ಮರಳು ಸೇರಿಸಿ ಗಾರೆ ಕಲಸಿದೆವು. ಮೊದಲ ಗೋಡೆಯಲ್ಲಿ ತಪ್ಪು ನನ್ನದೇ: ಬಿಸಿಲಿಗೆ ಮರೆ ಕಟ್ಟದೆ ಅವಸರ ಮಾಡಿದ್ದರಿಂದ ಮೂರೇ ದಿನದಲ್ಲಿ ಗಾರೆಯ ತುಂಬ ಕೂದಲೆಳೆಯಂಥ ಬಿರುಕು ಬಿಟ್ಟಿತು. ಸುಣ್ಣ ಬರೀ ಒಣಗುವುದರಿಂದ ಗಟ್ಟಿಯಾಗುವುದಿಲ್ಲ. ತೇವವಿದ್ದಾಗಲೇ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ನಿಧಾನವಾಗಿ ಮತ್ತೆ ಸುಣ್ಣಕಲ್ಲಾಗುತ್ತದೆ. ಅಷ್ಟನ್ನೂ ಕೆರೆದು ತೆಗೆಸಿ, ಎರಡನೆಯ ಸಲ ಒದ್ದೆ ಗೋಣಿಚೀಲ ಇಳಿಬಿಟ್ಟು ಕಾದೆವು.

ಜಗುಲಿಯ ಹಲಸಿನ ಕಂಬಗಳಲ್ಲಿ ಒಂದರ ಬುಡವನ್ನು ಗೆದ್ದಲು ತಿಂದಿತ್ತು. ಬಡಗಿ ಆಚಾರ್ರು ಸುತ್ತಿಗೆಯ ಹಿಡಿಯಿಂದ ಕೆಳಗಿನಿಂದ ಮೇಲಕ್ಕೆ ಬಡಿಯುತ್ತ ಹೋದರು. ಟೊಳ್ಳು ಸದ್ದು ನಿಂತು ಗಟ್ಟಿ ಸದ್ದು ಕೇಳಿದಲ್ಲಿ ಬಳಪದಿಂದ ಗೆರೆ ಎಳೆದರು. ಬುಡದಿಂದ ಒಂದೂವರೆ ಅಡಿ. ಮೇಲಿನ ಭಾರಕ್ಕೆ ಊರೆ ಕೊಟ್ಟು ಅಷ್ಟನ್ನೇ ಕತ್ತರಿಸಿ, ಒಣಗಿದ ಹಲಸಿನ ತುಂಡನ್ನು ಓರೆಯಾಗಿ ಕಚ್ಚು ಕೂಡಿಸಿ ಮರದ ಗೂಟ ಬಡಿದರು. ಹೊಸದು ಹೊಸದೆಂದೇ ತಿಳಿಯಲಿ ಎಂದು ಬಣ್ಣ ಹೊಂದಿಸಲು ನಾನು ಬಿಡಲಿಲ್ಲ. ಹೊಸ ತುಂಡಿನ ಒಳಮೈಯಲ್ಲಿ ಇಸವಿ ಕೆತ್ತಿಸಿದೆ.

ಪುನಃಸ್ಥಾಪನೆ ಎನ್ನಬಹುದಾದ ಕೆಲಸ ನಡೆದದ್ದು ಒಂದೇ ಕಡೆ. ಜಗುಲಿಯ ಮರದ ಜಾಳಿಗೆಯ ಪಟ್ಟಿಗಳು ಅಟ್ಟದ ಮೇಲೆ ಕಟ್ಟು ಕಟ್ಟಿ ಇಟ್ಟಂತೆಯೇ ಸಿಕ್ಕವು. ಚೌಕಟ್ಟಿನ ಒಂದೊಂದು ತೂತಿಗೂ ಒಂದೊಂದು ಪಟ್ಟಿ ಕೂಡಿತು. ಆದರೆ ನಡುಬಾಗಿಲ ಮೇಲಿದ್ದ ಕೆತ್ತನೆಯ ಹಲಗೆ ಎಂದೋ ಕಳೆದುಹೋಗಿತ್ತು. ಬೇರೆ ಮನೆಯ ಹಲಗೆ ಕೊಂಡು ತಂದು ಕೂರಿಸೋಣವೆಂದು ಮೊಮ್ಮಕ್ಕಳು ಹೇಳಿದರು. ಸ್ಮಾರಕಗಳ ಸಂರಕ್ಷಣೆ ಕುರಿತ 1964ರ ಅಂತರರಾಷ್ಟ್ರೀಯ ವೆನಿಸ್ ಸನ್ನದು ಊಹೆ ಶುರುವಾಗುವಲ್ಲಿ ಪುನಃಸ್ಥಾಪನೆ ನಿಲ್ಲಬೇಕೆನ್ನುತ್ತದೆ. ನಾನು ಅದನ್ನೇ ನಮ್ಮ ಮಾತಿನಲ್ಲಿ ಅಜ್ಜಿಗೆ ವಿವರಿಸಿದೆ. ಹಲಗೆಯಲ್ಲಿ ಏನು ಕೆತ್ತಿತ್ತೆಂದು ಅವರನ್ನೇ ಕೇಳಿದಾಗ ಬಹಳ ಹೊತ್ತು ಬಾಗಿಲನ್ನೇ ನೋಡಿ, ಒಮ್ಮೆ ಗಿಳಿ ಎಂದರು, ಮತ್ತೊಮ್ಮೆ ಹಂಸ ಎಂದರು. ಕೊನೆಗೆ ಅವರೇ, “ಹಾಗೇ ಇರಲಿ ಬಿಡಿ” ಎಂದರು. ಅಲ್ಲಿ ಈಗ ಕೆತ್ತನೆಯಿಲ್ಲದ ಸಾದಾ ಹಲಗೆ ಇದೆ.