ಪೇಟೆಯ ಗಡಿ ಹುಡುಕಲು ಬಸ್ ನಿಲ್ದಾಣಕ್ಕೆ ಹೋದೆ

ವಿಶ್ವವಿದ್ಯಾಲಯದ ನಗರ ಮತ್ತು ಪ್ರಾದೇಶಿಕ ಅಭಿವೃದ್ಧಿ ಅಧ್ಯಯನ ಕೇಂದ್ರದಲ್ಲಿ ನಾನು ಕೈಗೆತ್ತಿಕೊಂಡದ್ದು ಕಲಬುರಗಿ ಸೀಮೆಯ ಒಂದು ಸಣ್ಣ ಪೇಟೆಯನ್ನು. ಜನಗಣತಿಯ ಪ್ರಕಾರ ಅದು ಪಟ್ಟಣ. 5,000ಕ್ಕೆ ಕಡಿಮೆಯಿಲ್ಲದ ಜನ, ಚದರ ಕಿಲೋಮೀಟರಿಗೆ ಕನಿಷ್ಠ 400ರ ಸಾಂದ್ರತೆ, ದುಡಿಯುವ ಗಂಡಸರಲ್ಲಿ ಮುಕ್ಕಾಲು ಪಾಲು ಬೇಸಾಯದ ಹೊರಗೆ. ಆಡಳಿತಕ್ಕೆ ಮಾತ್ರ ಅದಿನ್ನೂ ಗ್ರಾಮ ಪಂಚಾಯಿತಿ.

ಈ ಪೇಟೆಯನ್ನು ನಂಬಿ ಬದುಕುವ ಹಳ್ಳಿಗಳು ಯಾವುವು? ಇದಿಷ್ಟೇ ನನ್ನ ಪ್ರಶ್ನೆ. ಪ್ರಾದೇಶಿಕ ಅಸಮತೋಲನದ ಅಧ್ಯಯನಕ್ಕೆ ರಾಜ್ಯ ಸರ್ಕಾರ ನೇಮಿಸಿದ್ದ ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 35 ಸೂಚಕಗಳಿಂದ ರಾಜ್ಯದ 175 ತಾಲ್ಲೂಕುಗಳನ್ನು ಅಳೆದು, 114 ಹಿಂದುಳಿದಿವೆ ಎಂದಿತು. ಅತ್ಯಂತ ಹಿಂದುಳಿದ 39ರಲ್ಲಿ 21 ಆಗಿನ ಗುಲ್ಬರ್ಗಾ ವಿಭಾಗದವೇ. ನಮ್ಮ ಭಾಗದ ಅಳಲಿಗೆ ಅಂಕಿಗಳ ಬಲ ತಂದ ವರದಿ ಅದು. ಇಂದಿಗೂ ನನ್ನ ಮೇಜಿನ ಮೇಲಿದೆ. ಆದರೆ ತಾಲ್ಲೂಕಿನ ಸರಾಸರಿಯಲ್ಲಿ ಪೇಟೆಯೂ ಕಾಣುವುದಿಲ್ಲ, ಅದರ ಕೈಗೆಟುಕದ ಹಳ್ಳಿಯೂ ಕಾಣುವುದಿಲ್ಲ.

ಜಿಲ್ಲಾ ಜನಗಣತಿ ಕೈಪಿಡಿಯಿಂದ ಹಳ್ಳಿವಾರು ಶಾಲೆ, ಆಸ್ಪತ್ರೆ, ಬ್ಯಾಂಕುಗಳ ಪಟ್ಟಿ ಮಾಡಿಕೊಂಡೆ. ನಿಜವಾದ ಕೆಲಸ ಶುರುವಾದದ್ದು ಬಸ್ ನಿಲ್ದಾಣದಲ್ಲಿ. ಯಾವ ಊರಿಗೆ ದಿನಕ್ಕೆ ಎಷ್ಟು ಬಸ್ಸು, ಮೊದಲನೆಯದು ಎಷ್ಟಕ್ಕೆ, ಕೊನೆಯದು ಎಷ್ಟಕ್ಕೆ ಎಂದು ಬರೆದುಕೊಂಡೆ. ಭೂಗೋಳ ಶಾಸ್ತ್ರದಲ್ಲಿ ಇದು ಹಳೆಯ ವಿಧಾನವೇ. ನಮ್ಮಲ್ಲಿ ಅದಕ್ಕೆ ಇನ್ನೊಂದು ಕಲಂ ಸೇರಿಸಲೇಬೇಕು: ವಸ್ತಿ ಬಸ್. ರಾತ್ರಿ ಹಳ್ಳಿಯಲ್ಲೇ ನಿಂತು ನಸುಕಿನಲ್ಲಿ ಹೊರಡುವ ಬಸ್ಸಿದ್ದ ಊರುಗಳ ಹೆಣ್ಣುಮಕ್ಕಳು ಪಿಯು ಕಾಲೇಜಿನ ಮೊದಲ ತಾಸಿಗೆ ಬಂದು ಕೂಡುತ್ತಿದ್ದರು. ಅಷ್ಟೇ ದೂರದ, ವಸ್ತಿ ಬಸ್ ಇಲ್ಲದ ಊರುಗಳಲ್ಲಿ ಹತ್ತನೆಯ ತರಗತಿಯ ನಂತರ ಹುಡುಗಿಯರು ಮನೆಯಲ್ಲಿ ಉಳಿದದ್ದನ್ನು ತಾಯಂದಿರೇ ಹೇಳಿದರು. ಕಿಲೋಮೀಟರಿನಲ್ಲಿ ಅಳೆದಿದ್ದರೆ ಈ ವ್ಯತ್ಯಾಸ ನನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಬಾಡಿಗೆಗೆ ಜನರನ್ನು ಒಯ್ಯುವ ಖಾಸಗಿ ಟಂಟಂ, ಕ್ರೂಸರ್‌ಗಳನ್ನೂ ಎಣಿಸಬೇಕು; ಅವು ಯಾವ ವೇಳಾಪಟ್ಟಿಯಲ್ಲೂ ಇರುವುದಿಲ್ಲ. ಹೆಂಗಸರನ್ನೂ ಗಂಡಸರನ್ನೂ ಬೇರೆ ಬೇರೆ ಬರೆದುಕೊಳ್ಳಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರು ಸರ್ಕಾರಿ ಬಸ್ಸಿಗೆ ಕಾಯುತ್ತಾರೆ, ಹೀಗಾಗಿ ಬಸ್ಸೊಂದನ್ನೇ ಎಣಿಸಿದರೆ ಚಿತ್ರ ಅರ್ಧವಾಗುತ್ತದೆ.

ಸಂತೆಯ ದಿನ ವ್ಯಾಪಾರಿಗಳಿಗೂ ಕೊಳ್ಳುವವರಿಗೂ ಒಂದೇ ಪ್ರಶ್ನೆ ಕೇಳಿದೆ: ಯಾವ ಊರಿಂದ ಬಂದಿರಿ? ಉತ್ತರಗಳನ್ನು ನಕ್ಷೆಯಲ್ಲಿ ಗುರುತಿಸುತ್ತ ಹೋದಂತೆ ಪೇಟೆಯ ಸೀಮೆ ತಾಲ್ಲೂಕಿನ ಗೆರೆ ದಾಟಿ ಪಕ್ಕದ ಜಿಲ್ಲೆಯೊಳಕ್ಕೂ ಚಾಚಿತು.

ಮನೆಮನೆ ಸಮೀಕ್ಷೆಗೆ ಕಾಲ ನೋಡಿಕೊಳ್ಳಬೇಕು. ತೊಗರಿ ರಾಶಿ ಮುಗಿದ ಮೇಲೆ ಪುಣೆ, ಮುಂಬೈ, ಬೆಂಗಳೂರಿಗೆ ದುಡಿಯಲು ಹೋದವರ ಮನೆಗಳಿಗೆ ಬೀಗ ಬಿದ್ದಿರುತ್ತದೆ. ಆ ಬೀಗಗಳನ್ನು ‘ಮಾಹಿತಿ ಇಲ್ಲ’ ಎಂದು ಬಿಟ್ಟುಬಿಡಬೇಡಿ. ನಾನು ಅವನ್ನು ಪ್ರತ್ಯೇಕವಾಗಿ ದಾಖಲಿಸಿ, ಅವರು ಜಾತ್ರೆಗೆ ಊರಿಗೆ ಬಂದಾಗ ಮತ್ತೆ ಹೋಗಿ ಮಾತಾಡಿಸಿದೆ.

ನಕ್ಷೆಯಲ್ಲಿ ಹಳ್ಳಿಗಳಿಗೆ ಬಣ್ಣ ಹಚ್ಚಿದ್ದು ಮೊದಲ ಬಸ್ಸಿನ ಸಮಯದ ಪ್ರಕಾರ. ಒಂದು ಪ್ರತಿ ಪಂಚಾಯಿತಿಗೆ ಹೋಯಿತು, ಇನ್ನೊಂದು, ವಸ್ತಿ ಬಸ್ ಬೇಕಾದ ಊರುಗಳ ಪಟ್ಟಿಯೊಂದಿಗೆ, ಬಸ್ ಡಿಪೋಗೆ.